ಹಣ ಎಂದು ಬರುತ್ತದೆ, ಎಲ್ಲಿ ಇರುತ್ತದೆ, ಯಾರ ಕೈಯಿಂದ ಹೋಗುತ್ತದೆ?

ಮಂಗಳೂರಿನ ಕುಲಶೇಖರದ ಆಸುಪಾಸಿನಲ್ಲಿ ವ್ಯವಹಾರ ಮಾಡುವವರಿಗೆ ಎರಡು ಬಗೆಯ ಹಣದ ಪರಿಚಯ ಉಂಟು. ಒಂದು, ಬೇಗ ಕೈಗೆ ಬರುವ ಹಣ. ಇಲ್ಲಿನ ಹಾಲು ಒಕ್ಕೂಟದ ಡೇರಿಯಿಂದ ನಸುಕಿನಲ್ಲಿ ಹೊರಟ ನಂದಿನಿ ಪ್ಯಾಕೆಟ್ ತಿಂಡಿ ಹೊತ್ತಿಗೆಲ್ಲ ಮಾರಾಟವಾಗಿ ಅಂಗಡಿಯ ಗಲ್ಲಾ ಸೇರಿರುತ್ತದೆ. ಇನ್ನೊಂದು, ಕಾಯಿಸುವ ಹಣ. ಚೌಕಿಯ ಹತ್ತಿರ ವೆಲ್ಡಿಂಗ್ ಶೆಡ್ ಇಟ್ಟುಕೊಂಡು ಬೈಕಂಪಾಡಿಯ ಕಾರ್ಖಾನೆಗೆ ಕಬ್ಬಿಣದ ಕೆಲಸ ಮಾಡಿಕೊಡುವವರು ಬಿಲ್ಲು ಕೊಟ್ಟು ಎರಡು ತಿಂಗಳು, ಮೂರು ತಿಂಗಳು ಕಾಯುವುದು ಹೊಸತೇನಲ್ಲ. ಕಾಗದದ ಮೇಲೆ ಇಬ್ಬರ ಲಾಭವೂ ಒಂದೇ ಇರಬಹುದು. ಆದರೆ ಶನಿವಾರ ಮಜೂರಿ ಕೊಡುವಾಗ ತಲೆಬಿಸಿ ಆಗುವುದು ಎರಡನೆಯವರಿಗೆ ಮಾತ್ರ.

ದೊಡ್ಡ ಕಂಪನಿಗಳಲ್ಲಿ ಈ ತಲೆಬಿಸಿಗೆಂದೇ ಒಂದು ವಿಭಾಗ ಇರುತ್ತದೆ. ಅದನ್ನು ಟ್ರೆಷರಿ, ಅಂದರೆ ಖಜಾನೆ ವಿಭಾಗ ಎನ್ನುತ್ತಾರೆ. ಅದು ಮಾಲು ಮಾರುವುದಿಲ್ಲ, ಲೆಕ್ಕವನ್ನೂ ಬರೆಯುವುದಿಲ್ಲ. ಮೂರೇ ಪ್ರಶ್ನೆ ಕೇಳುತ್ತದೆ. ಹಣ ಎಂದು ಬರುತ್ತದೆ? ಬಂದದ್ದು ಎಲ್ಲಿ ಇರುತ್ತದೆ? ಯಾರ ಕೈಯಿಂದ ಹೊರಗೆ ಹೋಗುತ್ತದೆ?

ನಾಲ್ಕೈದು ಜನ ಕೆಲಸ ಮಾಡುವ ಘಟಕಕ್ಕೆ ಇಂಥ ವಿಭಾಗ ಬೇಡ. ಆದರೆ ಈ ಮೂರು ಪ್ರಶ್ನೆ ಬೇಕು. ಕೆಲವು ವರ್ಷಗಳ ಹಿಂದೆ ದೊಡ್ಡವರಿಗಷ್ಟೇ ಸಿಗುತ್ತಿದ್ದ ಸೌಲಭ್ಯಗಳು ಈಗ ನಿಮ್ಮ ಮೊಬೈಲಿಗೂ ಬಂದಿವೆ. ಒಂದೊಂದಾಗಿ ನೋಡೋಣ.

ಮೊದಲು ಒಂದು ಹಾಳೆ

ಯಾವ ಸಾಫ್ಟ್‌ವೇರ್ ಕೊಳ್ಳುವ ಮೊದಲೂ ಹದಿಮೂರು ವಾರಗಳ ಒಂದು ಪಟ್ಟಿ ಮಾಡಿ. ಹದಿಮೂರು ವಾರ ಎಂದರೆ ಮೂರು ತಿಂಗಳು. ಎಕ್ಸೆಲ್ ಗೊತ್ತಿದ್ದರೆ ಅದರಲ್ಲಿ, ಇಲ್ಲದಿದ್ದರೆ ಉದ್ದ ನೋಟ್‌ಬುಕ್ಕಿನಲ್ಲಿ. ಮೇಲಿನ ಸಾಲಿನಲ್ಲಿ ವಾರಗಳು. ಕೆಳಗೆ ಮೊದಲು ಬರುವ ಹಣ, ಆಮೇಲೆ ಹೋಗುವ ಹಣ.

ಇಲ್ಲಿ ಒಂದು ನಿಯಮ ಇದೆ. ಬಿಲ್ಲಿನ ತಾರೀಖು ಬರೆಯಬೇಡಿ. ಪಾರ್ಟಿ ನಿಜವಾಗಿ ಹಣ ಹಾಕುವ ವಾರವನ್ನು ಬರೆಯಿರಿ. ಯಾವಾಗಲೂ ಎಪ್ಪತ್ತು ದಿನ ಎಳೆಯುವ ಪಾರ್ಟಿಗೆ ಎಪ್ಪತ್ತು ದಿನದ ಲೆಕ್ಕವನ್ನೇ ಹಿಡಿಯಿರಿ. ಹೋಗುವ ಕಡೆಯಲ್ಲಿ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು, ಜಿಎಸ್‌ಟಿ, ಪಿಎಫ್, ಸಾಲದ ಕಂತು ಎಲ್ಲ ಬರಲಿ. ವರ್ಷಕ್ಕೊಮ್ಮೆ ಬರುವ ಲೈಸೆನ್ಸ್ ಮತ್ತು ವಿಮೆಯ ಹಣ ಮರೆಯಬಾರದು. ಮಳೆಗಾಲದಲ್ಲಿ ಕೆಲಸ ಕಡಿಮೆಯಾಗುವ ಧಂದೆಯಾದರೆ ಜೂನ್, ಜುಲೈ ವಾರಗಳಲ್ಲಿ ಬರುವ ಹಣವನ್ನು ತಗ್ಗಿಸಿಯೇ ಬರೆಯಿರಿ.

ಯಾವ ವಾರದ ಕೊನೆಗೆ ಉಳಿಕೆ ಸೊನ್ನೆಗಿಂತ ಕೆಳಗೆ ಹೋಗುತ್ತದೋ ಆ ವಾರ ನಿಮಗೆ ಆರೇಳು ವಾರ ಮೊದಲೇ ಕಾಣುತ್ತದೆ. ಆಗ ಬ್ಯಾಂಕಿನವರ ಹತ್ತಿರ ಮಾತಾಡಲು ಸಮಯ ಇರುತ್ತದೆ. ಹಿಂದಿನ ದಿನ ಗೊತ್ತಾದರೆ ಉಳಿಯುವುದು ಕೈಸಾಲ ಮಾತ್ರ.

ಬರಬೇಕಾದ ಹಣ: ನಲವತ್ತೈದು ದಿನದ ಕಾನೂನು

“ದೊಡ್ಡ ಕಂಪನಿಯವರ ಹತ್ತಿರ ಜೋರು ಮಾಡಿದರೆ ಮುಂದಿನ ಆರ್ಡರ್ ಹೋಗುತ್ತದಲ್ಲ?” ಎಲ್ಲರ ಭಯವೂ ಇದೇ. ಆದರೂ ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ.

2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಮಾಲು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಈ ಕಾಯ್ದೆ ಎಷ್ಟೋ ವರ್ಷ ಪುಸ್ತಕದಲ್ಲಿಯೇ ಇತ್ತು. ಅದಕ್ಕೆ ಬಲ ಬಂದದ್ದು ಆದಾಯ ತೆರಿಗೆಯ ಕಡೆಯಿಂದ. 43ಬಿ(ಎಚ್) ಎಂಬ ಹೊಸ ಉಪನಿಯಮ 2023-24ನೇ ಆರ್ಥಿಕ ವರ್ಷದ ಲೆಕ್ಕದಿಂದ ಅನ್ವಯವಾಯಿತು. ಗಡುವಿನೊಳಗೆ ನಿಮಗೆ ಹಣ ಕೊಡದೆ ವರ್ಷ ಮುಗಿಸಿದ ಕಂಪನಿ, ಆ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸುವ ಹಾಗಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಅಲ್ಲಿಯವರೆಗೆ ಅದರ ಮೇಲೆ ತೆರಿಗೆ ಬೀಳುತ್ತದೆ. ಹಾಗಾಗಿ ಮಾರ್ಚ್ ತಿಂಗಳಲ್ಲಿ ಅವರ ಲೆಕ್ಕಪರಿಶೋಧಕರೇ ನಿಮ್ಮ ಬಾಕಿ ತೀರಿಸಲು ಹೇಳುವಂತಾಯಿತು.

ಇದರ ಪ್ರಯೋಜನ ಬೇಕಾದರೆ ಉದ್ಯಮ್ ನೋಂದಣಿ ಇರಬೇಕು. ಅದು ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಶುಲ್ಕ ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಯಂತ್ರೋಪಕರಣಗಳ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಸೂಕ್ಷ್ಮ ಘಟಕ. 25 ಕೋಟಿ ಮತ್ತು 100 ಕೋಟಿ ಮೀರದಿದ್ದರೆ ಸಣ್ಣ ಘಟಕ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಕ್ಕಿದರೂ ತಡ ಪಾವತಿಯ ಈ ರಕ್ಷಣೆ ಸಿಗುವುದಿಲ್ಲ.

ಹಣ ಬಾರದೇ ಹೋದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿ ನಿಮ್ಮ ಪರ ತೀರ್ಪು ಕೊಟ್ಟ ಮೇಲೆ ಅದನ್ನು ಪ್ರಶ್ನಿಸಲು ಎದುರು ಪಕ್ಷ ಮೊದಲು ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡಬೇಕು. ಇದು ಕೊನೆಯ ಅಸ್ತ್ರ. ಸಂಬಂಧ ಉಳಿಸಿಕೊಂಡು ಹಣ ಪಡೆಯುವ ದಾರಿ ಬೇರೆ ಇದೆ.

ಟ್ರೆಡ್ಸ್: ಬಿಲ್ಲನ್ನೇ ಹಣ ಮಾಡುವುದು

ಟ್ರೆಡ್ಸ್ ಅಂದರೆ ಬಾಕಿ ಬಿಲ್ಲುಗಳ ಆನ್‌ಲೈನ್ ಹರಾಜು ಕಟ್ಟೆ. ರಿಸರ್ವ್ ಬ್ಯಾಂಕ್ 2014ರಲ್ಲಿ ಇದರ ಮಾರ್ಗಸೂಚಿ ತಂದಿತು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್, ಸಿ2ಟ್ರೆಡ್ಸ್ ಮುಂತಾದವು ಅನುಮತಿ ಪಡೆದ ವೇದಿಕೆಗಳು.

ಕೆಲಸ ಹೀಗೆ ಸಾಗುತ್ತದೆ. ನೀವು ಬಿಲ್ಲನ್ನು ವೇದಿಕೆಗೆ ಹಾಕುತ್ತೀರಿ. ಕೊಂಡ ಕಂಪನಿ “ಹೌದು, ಈ ಹಣ ನಾವು ಇಂಥ ದಿನ ಕೊಡಬೇಕು” ಎಂದು ಅಲ್ಲೇ ಒಪ್ಪಿಕೊಳ್ಳುತ್ತದೆ. ಆಮೇಲೆ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ಆ ಬಿಲ್ಲಿಗೆ ಬಡ್ಡಿ ದರ ಕೂಗುತ್ತವೆ. ಕಡಿಮೆ ಕೂಗಿದವರನ್ನು ನೀವು ಒಪ್ಪುತ್ತೀರಿ. ಸಾಮಾನ್ಯವಾಗಿ ಮರು ಕೆಲಸದ ದಿನವೇ ಬಡ್ಡಿ ಕಳೆದು ಉಳಿದ ಹಣ ನಿಮ್ಮ ಖಾತೆಗೆ ಬರುತ್ತದೆ. ಗಡುವಿನ ದಿನ ಕಂಪನಿಯ ಖಾತೆಯಿಂದ ಹಣ ತಾನಾಗಿ ಬ್ಯಾಂಕಿಗೆ ಹೋಗುತ್ತದೆ.

“ಕಂಪನಿ ಕೈಕೊಟ್ಟರೆ ನಮ್ಮ ಕುತ್ತಿಗೆಗೆ ಬರುತ್ತದಾ?” ಇಲ್ಲ. ಟ್ರೆಡ್ಸ್‌ನಲ್ಲಿ ಹಣ ಕೊಟ್ಟ ಬ್ಯಾಂಕ್ ನಿಮ್ಮಿಂದ ವಾಪಸು ಕೇಳುವ ಹಾಗಿಲ್ಲ. ಇದು ಸಾಲ ಅಲ್ಲ, ಬಿಲ್ಲಿನ ಮಾರಾಟ. ಮನೆ ಪತ್ರ, ಚಿನ್ನ ಯಾವುದನ್ನೂ ಅಡವಿಡಬೇಕಾಗಿಲ್ಲ. ಬ್ಯಾಂಕ್ ನೋಡುವುದು ನಿಮ್ಮ ಸಾಮರ್ಥ್ಯವನ್ನಲ್ಲ, ಕೊಂಡ ಕಂಪನಿಯ ಸಾಮರ್ಥ್ಯವನ್ನು. ಬಡ್ಡಿ ಕಡಿಮೆ ಬೀಳುವುದು ಅದಕ್ಕೇ.

ಒಂದು ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ. 4 ಲಕ್ಷ ರೂಪಾಯಿಯ ಬಿಲ್ಲು, ಹಣ ಬರಲು 60 ದಿನ ಬಾಕಿ. ವರ್ಷಕ್ಕೆ ಶೇ. 9ರ ದರದಲ್ಲಿ ಟ್ರೆಡ್ಸ್‌ನಲ್ಲಿ ಮಾರಿದರೆ ಸುಮಾರು 5,918 ರೂಪಾಯಿ ಕಡಿತ. ಅಷ್ಟೇ ಹಣವನ್ನು ಶೇ. 11ರ ಸಿಸಿಯಿಂದ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದಿಂದ ತೆಗೆದರೆ ಸುಮಾರು 7,233 ರೂಪಾಯಿ. ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ಮಾಡಿದರೆ 16,000 ರೂಪಾಯಿ. ಟ್ರೆಡ್ಸ್‌ನಲ್ಲಿ ವೇದಿಕೆಯ ನೋಂದಣಿ ಮತ್ತು ವಹಿವಾಟು ಶುಲ್ಕ ಬೇರೆ ಇರುತ್ತದೆ. ನೋಂದಾಯಿಸುವ ಮೊದಲು ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೆಲವು ಕಂಪನಿಗಳು ಬಡ್ಡಿಯನ್ನು ತಾವೇ ಹೊರುತ್ತವೆ. ಅದನ್ನೂ ವಿಚಾರಿಸಿ.

ಯಾರ ಬಿಲ್ಲು ಇಲ್ಲಿ ನಡೆಯುತ್ತದೆ? ವಾರ್ಷಿಕ ವಹಿವಾಟು 250 ಕೋಟಿ ರೂಪಾಯಿ ಮೀರಿದ ಕಂಪನಿಗಳು ಮತ್ತು ಕೇಂದ್ರದ ಸಾರ್ವಜನಿಕ ಉದ್ಯಮಗಳು ಟ್ರೆಡ್ಸ್‌ಗೆ ಸೇರುವುದು ಕಡ್ಡಾಯ. ಮೊದಲು ಈ ಮಿತಿ 500 ಕೋಟಿ ಇತ್ತು. 2024ರ ನವೆಂಬರ್‌ನಲ್ಲಿ ಇಳಿಸಿ, ಸೇರಲು 2025ರ ಮಾರ್ಚ್ 31ರ ಗಡುವು ಕೊಟ್ಟರು. ನಮ್ಮ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಕೇಂದ್ರದ ಸಾರ್ವಜನಿಕ ಉದ್ಯಮವೇ ಆದ್ದರಿಂದ ಈ ನಿಯಮದೊಳಗೆ ಬರುತ್ತದೆ. ಹಾಲು ಒಕ್ಕೂಟದಂಥ ಸಹಕಾರಿ ಸಂಸ್ಥೆ ಕಂಪನಿ ಕಾಯ್ದೆಯಡಿ ಇಲ್ಲದ ಕಾರಣ ಅದಕ್ಕೆ ಈ ಕಡ್ಡಾಯ ಇಲ್ಲ. ಸೇರುವುದು ಕಡ್ಡಾಯವೇ ಹೊರತು ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪುವುದು ಕಡ್ಡಾಯವಲ್ಲ ಎಂಬುದೂ ನೆನಪಿರಲಿ. ಕಂಪನಿಯ ಖರೀದಿ ವಿಭಾಗಕ್ಕೆ ಹೋಗಿ ಸಮಾಧಾನದಿಂದ ಕೇಳಬೇಕು. ನೀವು ಬೇಗ ಹಣ ಕೇಳುತ್ತಿಲ್ಲ, ಅವರ ಗಡುವಿನ ದಿನವೇ ಕೊಡಿ ಎನ್ನುತ್ತಿದ್ದೀರಿ. ಹಾಗಾಗಿ ಈ ಮಾತಿನಿಂದ ಆರ್ಡರ್ ಹೋಗುವ ಭಯ ಕಡಿಮೆ.

ಇರುವ ಹಣ: ಬ್ಯಾಂಕಿಗೂ ಅಪಾಯ ಇದೆಯೇ?

ಬ್ಯಾಂಕುಗಳನ್ನು ಹುಟ್ಟಿಸಿದ ಊರಿನವರು ನಾವು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ, 1924ರ ಕರ್ಣಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಏನಾಗುತ್ತದೆ ಎಂಬ ಧೈರ್ಯ ನಮ್ಮಲ್ಲಿ ಜಾಸ್ತಿ. ಧೈರ್ಯ ಇರಲಿ, ಲೆಕ್ಕವೂ ಇರಲಿ.

ಬ್ಯಾಂಕ್ ಮುಳುಗಿದರೆ ಠೇವಣಿಗೆ ಡಿಐಸಿಜಿಸಿ ವಿಮೆ ಇದೆ. ಇದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. 2020ರ ಫೆಬ್ರವರಿ 4ರಿಂದ ಮಿತಿ 5 ಲಕ್ಷ ರೂಪಾಯಿ. ಅಸಲು, ಬಡ್ಡಿ ಎರಡೂ ಸೇರಿ, ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಒಟ್ಟಾಗಿ ಇಷ್ಟು. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತದೆ, ನೀವು ಏನೂ ಮಾಡಬೇಕಾಗಿಲ್ಲ. 2021ರ ತಿದ್ದುಪಡಿಯ ನಂತರ, ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ಈ ಹಣ 90 ದಿನಗಳೊಳಗೆ ಸಿಗಬೇಕು.

ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ಮೂರು ಸಂಗತಿ ಇದೆ.

ಒಂದು, ವಿಲೀನ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಿಂದೆ ಸಿಂಡಿಕೇಟ್‌ನಲ್ಲಿ ಸ್ವಲ್ಪ, ಕೆನರಾದಲ್ಲಿ ಸ್ವಲ್ಪ ಎಂದು ಹಂಚಿ ಇಟ್ಟವರ ಹಣ ಈಗ ಒಂದೇ ಬ್ಯಾಂಕಿನಲ್ಲಿದೆ. ಪಾಸ್‌ಬುಕ್ ಎರಡಿದ್ದರೂ ವಿಮೆಯ ಮಿತಿ ಒಂದೇ.

ಎರಡು, ಮಾಲೀಕತ್ವ. ನೀವೊಬ್ಬರೇ ಮಾಲೀಕರಾಗಿದ್ದರೆ ಅಂಗಡಿಯ ಹೆಸರಿನ ಚಾಲ್ತಿ ಖಾತೆಯೂ ನಿಮ್ಮ ಸ್ವಂತ ಉಳಿತಾಯ ಖಾತೆಯೂ ಕೂಡಿ 5 ಲಕ್ಷ. ಪಾಲುದಾರಿಕೆ ಸಂಸ್ಥೆಯ ಖಾತೆಗೆ ಬೇರೆ ಲೆಕ್ಕ.

ಮೂರು, ಸೊಸೈಟಿ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕುಗಳಿಗೆ ಈ ವಿಮೆ ಇದೆ. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಅವು ಕೆಟ್ಟವು ಎಂದಲ್ಲ. ಬಡ್ಡಿ ಜಾಸ್ತಿ ಕೊಡುವಾಗ ವಿಮೆ ಇಲ್ಲವೆಂಬುದು ತಿಳಿದೇ ಇಡಬೇಕು. ಜಿಎಸ್‌ಟಿಗೆ, ಸಂಬಳಕ್ಕೆ ಎಂದು ತೆಗೆದಿಟ್ಟ ಹಣವನ್ನಂತೂ ಅಲ್ಲಿ ಇಡಬೇಡಿ.

ನಷ್ಟಕ್ಕಿಂತಲೂ ಮೊದಲು ಕಾಡುವುದು ತಡೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರು 35,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಅದೇ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನಲ್ಲಿ 50,000ದ ಮಿತಿ ಬಂತು. ಅದು ಎರಡು ವಾರದೊಳಗೆ ತೆರವಾಯಿತು. ಆದರೆ ಆ ಎರಡು ವಾರದಲ್ಲಿ ಸಂಬಳದ ದಿನ ಬಂದಿದ್ದರೆ? 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದದ್ದೂ ಇಂಥದ್ದೇ ಪಾಠ. ಅದು ಠೇವಣಿ ಹಣವನ್ನು ದೀರ್ಘಾವಧಿಯ ಬಾಂಡ್‌ಗಳಲ್ಲಿ ಹಾಕಿತ್ತು. ಬಡ್ಡಿ ದರ ಏರಿದಾಗ ಆ ಬಾಂಡ್‌ಗಳ ಬೆಲೆ ಇಳಿಯಿತು. ಸುದ್ದಿ ಹರಡಿ ಎಲ್ಲರೂ ಒಟ್ಟಿಗೇ ಮೊಬೈಲ್‌ನಲ್ಲಿ ಹಣ ತೆಗೆಯಲು ಹೊರಟರು. ಅಲ್ಲಿನ ಸರ್ಕಾರ ಕೊನೆಗೆ ಠೇವಣಿದಾರರನ್ನು ಕಾಪಾಡಿತು. ಆದರೆ ಆ ವಾರಾಂತ್ಯದಲ್ಲಿ ಸಂಬಳ ಹೇಗೆ ಕೊಡುವುದು ಎಂದು ಎಷ್ಟೋ ಕಂಪನಿಗಳು ಒದ್ದಾಡಿದವು.

ಹಾಗಾದರೆ ಏನು ಮಾಡಬೇಕು? ಒಂದು ತಿಂಗಳ ಸಂಬಳ, ಬಾಡಿಗೆಯಷ್ಟು ಹಣ ಎರಡನೆಯ ಬ್ಯಾಂಕಿನಲ್ಲಿ ಇರಲಿ. ಅದರ ನೆಟ್ ಬ್ಯಾಂಕಿಂಗ್ ಚಾಲೂ ಇರಲಿ. ನಿಮಗೆ ಸಿಸಿ ಅಥವಾ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ ಇದ್ದರೆ ಬೇರೆ ಕಡೆ ಚಾಲ್ತಿ ಖಾತೆ ತೆರೆಯಲು ನಿಯಮಗಳಿವೆ. ಸಾಲ ಕೊಟ್ಟ ಬ್ಯಾಂಕನ್ನು ಮೊದಲೇ ಕೇಳಿ. ಚಾಲ್ತಿ ಖಾತೆಯಲ್ಲಿ ಬಡ್ಡಿ ಹುಟ್ಟುವುದಿಲ್ಲ. ಆದ್ದರಿಂದ ಆಟೋ ಸ್ವೀಪ್ ಸೌಲಭ್ಯ ಇದೆಯೇ ಎಂದೂ ಕೇಳಿ. ನೀವು ಹೇಳಿದ ಮಿತಿಗಿಂತ ಮೇಲಿನ ಹಣ ತಾನಾಗಿ ನಿರಖು ಠೇವಣಿಗೆ ಹೋಗಿ, ಬೇಕಾದಾಗ ವಾಪಸು ಬರುವ ವ್ಯವಸ್ಥೆ ಅದು.

ಹೋಗುವ ಹಣ: ಎರಡು ಕೈ ಇರಲಿ

ಈಗ ಹಣ ಕಳಿಸುವುದು ಸುಲಭ. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲು ರಾತ್ರಿ, ಭಾನುವಾರವೂ ನಡೆಯುತ್ತವೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. ಆರ್‌ಟಿಜಿಎಸ್ ತಕ್ಷಣ ಹೋಗುತ್ತದೆ, ಕನಿಷ್ಠ ಮೊತ್ತ 2 ಲಕ್ಷ. ಚೆಕ್ ಕೂಡ ವೇಗವಾಗಿದೆ. 2025ರ ಅಕ್ಟೋಬರ್ 4ರಿಂದ, ಹಗಲಿನ ನಿಗದಿತ ವೇಳೆಯೊಳಗೆ ಕ್ಲಿಯರಿಂಗ್‌ಗೆ ಹೋದ ಚೆಕ್ಕಿಗೆ ಎದುರು ಬ್ಯಾಂಕ್ ಅದೇ ಸಂಜೆ 7ರೊಳಗೆ ಉತ್ತರ ಕೊಡಬೇಕು. “ಇವತ್ತು ಚೆಕ್ ಕೊಡುವ, ನಾಡಿದ್ದು ಹಣ ಹಾಕುವ” ಎಂಬ ಹಳೆಯ ಅಭ್ಯಾಸ ಇನ್ನು ನಡೆಯದು. ಚೆಕ್ ಬೌನ್ಸ್ ಆದೀತು.

ಸುಲಭವಾದದ್ದು ಕಳ್ಳರಿಗೂ ಸುಲಭ. ವ್ಯಾಪಾರಿಗಳಿಗೆ ಹೆಚ್ಚು ಬೀಳುವ ಮೋಸ ಒಂದಿದೆ. ನಿಮಗೆ ಕಚ್ಚಾ ಮಾಲು ಕೊಡುವವರ ಹೆಸರಿನಲ್ಲಿ ಇಮೇಲ್ ಅಥವಾ ವಾಟ್ಸ್ಆ್ಯಪ್ ಬರುತ್ತದೆ. “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಇದಕ್ಕೆ ಹಾಕಿ.” ಬಿಲ್ಲು ನಿಜ, ಮೊತ್ತ ನಿಜ, ಖಾತೆ ಮಾತ್ರ ಕಳ್ಳನದ್ದು. ಇದನ್ನು ತಡೆಯಲು ನಾಲ್ಕು ಅಭ್ಯಾಸ ಸಾಕು.

ಖಾತೆ ಬದಲಾಯಿತೆಂದು ಬಂದರೆ, ನಿಮ್ಮಲ್ಲಿ ಮೊದಲೇ ಇರುವ ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿ. ಸಂದೇಶದಲ್ಲಿ ಕೊಟ್ಟ ನಂಬರಿಗೆ ಮಾಡಬೇಡಿ.

ಕಳಿಸುವ ಮೊದಲು ಹೆಸರು ನೋಡಿ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಪಡೆಯುವ ಖಾತೆಯ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ.

ನೆಟ್ ಬ್ಯಾಂಕಿಂಗ್‌ನಲ್ಲಿ ಮೇಕರ್-ಚೆಕರ್ ವ್ಯವಸ್ಥೆ ಹಾಕಿಸಿ. ಒಬ್ಬರು ಪಾವತಿಯನ್ನು ತುಂಬುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ. ಒಬ್ಬರಿಂದಲೇ ಹಣ ಹೋಗದು. ಗುಮಾಸ್ತರಿಗೆ ನಿಮ್ಮ ಪಾಸ್‌ವರ್ಡ್ ಮತ್ತು ಓಟಿಪಿ ಕೊಟ್ಟು ಕೆಲಸ ಮಾಡಿಸುವುದಕ್ಕೆ ಇದೇ ಸರಿಯಾದ ಬದಲಿ.

ದೊಡ್ಡ ಚೆಕ್ ಬರೆದರೆ ಪಾಸಿಟಿವ್ ಪೇ ಬಳಸಿ. ಚೆಕ್ಕಿನ ಸಂಖ್ಯೆ, ತಾರೀಖು, ಹೆಸರು, ಮೊತ್ತವನ್ನು ಬ್ಯಾಂಕಿಗೆ ಮೊದಲೇ ತಿಳಿಸುವ ಕ್ರಮ ಇದು. 50,000 ರೂಪಾಯಿಯಿಂದ ಮೇಲೆ ಈ ಸೌಲಭ್ಯ ಇದೆ. 5 ಲಕ್ಷ ಮತ್ತು ಅದಕ್ಕೂ ಮೇಲಿನ ಚೆಕ್ಕಿಗೆ ಬ್ಯಾಂಕುಗಳು ಕಡ್ಡಾಯ ಮಾಡಬಹುದು.

ಬ್ಯಾಂಕಿನ ವೆಬ್‌ಸೈಟಿನ ವಿಳಾಸವೂ ಈಗ ಒಂದು ಗುರುತು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ ಕೊನೆಯೊಳಗೆ “ಡಾಟ್ ಬ್ಯಾಂಕ್ ಡಾಟ್ ಇನ್” ಎಂದು ಮುಗಿಯುವ ವಿಳಾಸಕ್ಕೆ ಬರಬೇಕಿತ್ತು. ಇಷ್ಟಾಗಿಯೂ ಮೋಸವಾದರೆ ಮೊದಲು 1930ಕ್ಕೆ ಫೋನ್ ಮಾಡಿ, ಜತೆಗೇ ಬ್ಯಾಂಕಿಗೆ ತಿಳಿಸಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆಯಬಹುದು.

ಸಾಫ್ಟ್‌ವೇರ್‌ಗೆ ಎಷ್ಟು ಖರ್ಚು ಮಾಡಬೇಕು?

ಸಣ್ಣ ಘಟಕಕ್ಕೆ ಬೇರೆ ಟ್ರೆಷರಿ ಸಾಫ್ಟ್‌ವೇರ್ ಬೇಕಿಲ್ಲ. ನೀವು ಬಳಸುವ ಟ್ಯಾಲಿಯಲ್ಲೇ ಬಾಕಿ ಪಟ್ಟಿಯನ್ನು ದಿನಗಳ ಪ್ರಕಾರ ತೆಗೆಯಬಹುದು. ಬ್ಯಾಂಕ್ ಸ್ಟೇಟ್‌ಮೆಂಟನ್ನು ಅದಕ್ಕೆ ತಾಳೆ ಹಾಕಬಹುದು. ಅಂಗಡಿಯ ಕ್ಯೂಆರ್‌ಗೆ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶೇಕಡಾವಾರು ಶುಲ್ಕ ತೆಗೆಯುವಂತಿಲ್ಲ. ಕ್ರೆಡಿಟ್ ಕಾರ್ಡ್ ಜೋಡಿಸಿದ ಯುಪಿಐಗೆ, ವಾಲೆಟ್‌ಗೆ ಶುಲ್ಕ ಬರಬಹುದು. ಮಾತಾಡುವ ಸೌಂಡ್‌ಬಾಕ್ಸಿಗೆ ತಿಂಗಳ ಬಾಡಿಗೆ ಇದೆಯೇ ಎಂದು ನೋಡಿ.

ಸಾಲ ಕೇಳುವಾಗ ಇನ್ನೊಂದು ಹೊಸ ಸೌಲಭ್ಯ ಉಪಯೋಗಕ್ಕೆ ಬರುತ್ತದೆ. ಅದರ ಹೆಸರು ಅಕೌಂಟ್ ಅಗ್ರಿಗೇಟರ್. ನೀವು ಮೊಬೈಲ್‌ನಲ್ಲಿ ಒಪ್ಪಿಗೆ ಕೊಟ್ಟರೆ ಒಂದು ಬ್ಯಾಂಕಿನ ಖಾತೆ ವಿವರ ಇನ್ನೊಂದು ಬ್ಯಾಂಕಿಗೆ ನೇರ ಹೋಗುತ್ತದೆ. ಸ್ಟೇಟ್‌ಮೆಂಟಿನ ಕಟ್ಟು ಹೊತ್ತು ಅಲೆಯುವುದು ತಪ್ಪುತ್ತದೆ. ಒಪ್ಪಿಗೆ ಯಾತಕ್ಕೆ, ಎಷ್ಟು ದಿನಕ್ಕೆ ಎಂಬುದನ್ನು ಓದಿ ಒತ್ತಿ. ಬೇಡವಾದರೆ ವಾಪಸು ಪಡೆಯಬಹುದು. ಒಂದು ಮಾತು: ಬ್ಯಾಂಕ್ ನೋಡುವುದು ಖಾತೆಯಲ್ಲಿ ಓಡಾಡಿದ ಹಣವನ್ನು. ನಗದಿನಲ್ಲೇ ವ್ಯವಹಾರ ಮುಗಿಸುವವರ ನಿಜವಾದ ವಹಿವಾಟು ಅಲ್ಲಿ ಕಾಣುವುದಿಲ್ಲ.

ಎಲ್ಲಿ ಕೇಳುವುದು?

ಉದ್ಯಮ್ ನೋಂದಣಿ, ತಡ ಪಾವತಿಯ ದೂರು ಇವುಗಳ ಬಗ್ಗೆ ಅನುಮಾನ ಇದ್ದರೆ ಯೆಯ್ಯಾಡಿ ಕೈಗಾರಿಕಾ ಪ್ರದೇಶದಲ್ಲಿರುವ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ. ಕುಲಶೇಖರದಿಂದ ಅದು ದೂರವಲ್ಲ. ಬೈಕಂಪಾಡಿಯ ಕೆನರಾ ಸಣ್ಣ ಕೈಗಾರಿಕೆಗಳ ಸಂಘ, ಬಂದರಿನ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯಲ್ಲಿ ಇದೇ ದಾರಿಯಲ್ಲಿ ನಡೆದವರು ಸಿಗುತ್ತಾರೆ. ಮೇಕರ್-ಚೆಕರ್, ಸ್ವೀಪ್, ಪಾಸಿಟಿವ್ ಪೇಗೆ ನಿಮ್ಮ ಶಾಖೆಯಲ್ಲೇ ಅರ್ಜಿ. ಶುಲ್ಕದ ಪಟ್ಟಿಯನ್ನೂ ಅಲ್ಲೇ ಕೇಳಿ, ಏಕೆಂದರೆ ಚಾಲ್ತಿ ಖಾತೆಯ ಶುಲ್ಕಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಮೊದಲ ವಾರ ಹದಿಮೂರು ವಾರದ ಹಾಳೆ ಮತ್ತು ಉದ್ಯಮ್ ನೋಂದಣಿ. ಇವೆರಡಕ್ಕೂ ಖರ್ಚಿಲ್ಲ. ಎರಡನೆಯ ವಾರ ಬ್ಯಾಂಕಿಗೆ ಹೋಗಿ ಮೇಕರ್-ಚೆಕರ್ ಹಾಕಿಸಿ, ಎರಡನೆಯ ಖಾತೆಯ ಬಗ್ಗೆ ವಿಚಾರಿಸಿ. ಮೂರನೆಯ ವಾರ ಅತಿ ಹೆಚ್ಚು ಬಾಕಿ ಇಟ್ಟ ದೊಡ್ಡ ಪಾರ್ಟಿಯ ಖರೀದಿ ವಿಭಾಗಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: “ನೀವು ಟ್ರೆಡ್ಸ್‌ನಲ್ಲಿ ಇದ್ದೀರಾ? ಯಾವ ವೇದಿಕೆ?” ಇದ್ದೇವೆ ಎಂದರೆ ಅದೇ ವೇದಿಕೆಯಲ್ಲಿ ನೋಂದಾಯಿಸಿ, ಒಂದು ಸಣ್ಣ ಬಿಲ್ಲಿನಿಂದ ಶುರು ಮಾಡಿ. ಕಡಿತ ಎಷ್ಟಾಯಿತು, ಹಣ ಎಷ್ಟು ದಿನಕ್ಕೆ ಬಂತು ಎಂಬುದನ್ನು ಅದೇ ಹಾಳೆಯಲ್ಲಿ ಬರೆದಿಡಿ. ಮುಂದಿನ ಬಿಲ್ಲನ್ನು ಮಾರಬೇಕೋ, ಕಾಯಬೇಕೋ ಎಂದು ಆ ಅಂಕಿ ನೋಡಿ ನೀವೇ ತೀರ್ಮಾನಿಸಬಹುದು.